ಮುನ್ನೂರ ಹನ್ನೆರಡು ಸುತ್ತು

ಮಾರ್ಚ್ 3, ಭಾನುವಾರ

ಇವತ್ತಿನಿಂದ ಬರೆಯೋಣ ಅಂತ ಕೂತಿದ್ದೇನೆ. ಹೊಸ ಸ್ಟೇಡಿಯಂ ಎದ್ದು ನಿಲ್ಲೋವರೆಗೆ ದಿನಾ ಬರೆದಿಟ್ಟರೆ, ಆಮೇಲೆ ಯಾರಾದರೂ ಇದೆಲ್ಲ ಹೇಗಾಯ್ತು ಅಂತ ಕೇಳಿದಾಗ ಮುಖಕ್ಕೆ ಹಿಡಿಯಬಹುದು. ದಿನಾ ಅಂದೆ. ನನ್ನ ಸೋಮಾರಿತನ ನನಗೆ ಗೊತ್ತು. ನೋಡೋಣ.

ನಮ್ಮ ಫುಟ್ಬಾಲ್ ಕ್ಲಬ್ಬಿನ ಹಾಲಿನಲ್ಲಿ ಮಾದರಿ ತಂದಿಟ್ಟಿದ್ದಾರೆ. ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಸ್ಟೇಡಿಯಂ. ಹಳೇ ಗೂಡ್ಸ್ ಯಾರ್ಡಿನ ಜಾಗದಲ್ಲಿ ಬರುತ್ತದಂತೆ. ಇಪ್ಪತ್ತು ಸಾವಿರ ಸೀಟು, ಸುತ್ತ ಮನೆಗಳು, ಶಾಲೆ, ಆಸ್ಪತ್ರೆ, ಸಾಲುಮರ. ಹಾಳು ಬಿದ್ದ ಆ ಬಯಲಿನಲ್ಲಿ ಇಷ್ಟೆಲ್ಲ! ಅರವತ್ತು ದಾಟಿದ ಗಂಡಸರು ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದರು. ಐದನೇ ಗೇಟು ಕಾಯುವ ನನ್ನ ಗೆಳೆಯ ಗೊರಕೆ (ಫೈನಲ್ಲಿನಲ್ಲೂ ನಿದ್ದೆ ಹೊಡೆದವನು, ಬೇರೆ ಹೆಸರು ಯಾಕೆ) ಪೆಟ್ಟಿಗೆಗೆ ಮೂರು ಸುತ್ತು ಹಾಕಿ ಕೇಳಿದ್ದು ಒಂದೇ ಮಾತು: "ಕಕ್ಕಸು ಎಲ್ಲಿ ಬರುತ್ತೆ ತೋರ್ಸಿ." ನಮ್ಮ ಈಗಿನ ಮೈದಾನದಲ್ಲಿ ಇರೋದು ಒಂದೇ, ಅದಕ್ಕೂ ಚಿಲಕವಿಲ್ಲ. ಅವನನ್ನು ನೋಡಿ ನಗಬಾರದು.

ನಾನು ಹುಡುಕಿದ್ದು ನಾನು ಕಾಯುವ ಮೂರನೇ ಗೇಟು. ಇದೆ. ಸಾಕು.

ಮಾರ್ಚ್ 6, ಬುಧವಾರ

ನಗರ ಯೋಜನಾ ಕಚೇರಿಯಿಂದ ಪತ್ರ ಬಂದಿದೆ. ಒಂದೇ ಷರತ್ತು: ಕಳೆದ ಎರಡು ವರ್ಷಗಳಲ್ಲಿ ಪ್ರತಿ ಪಂದ್ಯಕ್ಕೆ ಸರಾಸರಿ ಹತ್ತು ಸಾವಿರ ಜನ ಬಂದಿರಬೇಕು. ಬಂದಿದ್ದರೆ ಸ್ಟೇಡಿಯಂ, ಮನೆ, ಶಾಲೆ ಎಲ್ಲ. ಇಲ್ಲದಿದ್ದರೆ ಯಾರ್ಡು ಗೋಡೌನುಗಳಿಗೆ ಹೋಗುತ್ತದೆ. ಈ ಹಳೇ ಮೈದಾನವಂತೂ ಇನ್ನು ಹೆಚ್ಚು ದಿನ ತಾಳುವುದಿಲ್ಲ. ಉತ್ತರದ ಗ್ಯಾಲರಿ ಮುಚ್ಚಿ ಹನ್ನೊಂದು ವರ್ಷವಾಯಿತು. ಯಾಕೆ ಮುಚ್ಚಿತು, ಯಾರಿಂದ ಮುಚ್ಚಿತು ಅನ್ನೋದನ್ನೆಲ್ಲ ಇಲ್ಲಿ ಬರೆಯೋದಿಲ್ಲ.

ಮಗಳಿಗೆ ಪತ್ರದ ವಿಷಯ ಹೇಳಿದೆ. ಪ್ರೆಸ್ಸಿನಲ್ಲಿ ಕರಡು ತಿದ್ದುವವಳು, ಎಲ್ಲದರಲ್ಲೂ ತಪ್ಪು ಹುಡುಕುತ್ತಾಳೆ. "ಹತ್ತು ಸಾವಿರ ಬರ್ತಾರಾ ಅಪ್ಪ?" ಅಂದಳು. ಬರ್ತಾರಾ ಅಂತೆ! ಮೂವತ್ತನಾಲ್ಕು ವರ್ಷದಿಂದ ಗೇಟಿನಲ್ಲಿ ನಿಂತವನು ನಾನು, ಕೇಳೋಳು ಇವಳು.

ಮಾರ್ಚ್ 10, ಭಾನುವಾರ

ಪಂದ್ಯ. ಎರಡು–ಒಂದು. ಗೆದ್ದೆವು.

ಬೆಳಿಗ್ಗೆ ಹತ್ತಕ್ಕೇ ಹೋದೆ. ಗೇಟಿಗೆ ಎಣ್ಣೆ ಬಿಟ್ಟೆ. ನಾಲ್ಕು ಕಬ್ಬಿಣದ ತೋಳಿನ ತಿರುಗುವ ಗೇಟು, ಒಬ್ಬೊಬ್ಬರೇ ತಳ್ಳಿಕೊಂಡು ಒಳಗೆ ಹೋಗಬೇಕು. ಒಬ್ಬ ದಾಟಿದರೆ ಮೇಲಿನ ಮೀಟರಿನಲ್ಲಿ ಒಂದು ಅಂಕಿ ಏರುತ್ತದೆ. ನನ್ನದು ಸದಸ್ಯರ ಗೇಟು, ಟಿಕೆಟ್ಟು ಹರಿಯೋದಿಲ್ಲ, ಕಾರ್ಡು ನೋಡಿ ಬಿಡೋದು. ಮೀಟರು ಹೇಳಿದ್ದೇ ಲೆಕ್ಕ.

ಆಮೇಲೆ ನೀಲಿ ರಟ್ಟಿನ ಪುಸ್ತಕ ತೆಗೆದು ನಮ್ಮವರನ್ನು ಒಳಗೆ ಬಿಟ್ಟೆ. ಪುಸ್ತಕದಲ್ಲಿ ಹೆಸರಿರುವ ಒಬ್ಬೊಬ್ಬರಿಗೆ ಒಂದೊಂದು ಸುತ್ತು. ಮೊದಲನೆಯವರು ನನಗೆ ಈ ಕೆಲಸ ಕಲಿಸಿದ ಹಳೇ ಗೇಟಿನವರು. ಅವರು ತೀರಿಕೊಂಡ ಮುಂದಿನ ಪಂದ್ಯಕ್ಕೆ, ಯಾಕೋ ಮನಸ್ಸು ತಡೆಯಲಿಲ್ಲ, ಅವರ ಹೆಸರಿನಲ್ಲಿ ಒಂದು ಸಲ ಗೇಟು ತಿರುಗಿಸಿದೆ. ಯಾರೋ ನೋಡಿದರು. ಮುಂದಿನ ವಾರ ಬೇಕರಿಯವನ ಹೆಂಡತಿ ಬಂದು, "ಅಣ್ಣ, ನಮ್ಮವರಿಗೂ ಒಂದು ಸುತ್ತು" ಅಂದಳು. ಹಾಗೇ ಬೆಳೆಯಿತು. ನರ್ಸಮ್ಮ, ಕುಂಟ ಮೇಷ್ಟ್ರು, ಸೋಡಾ ಅಜ್ಜ, ಅವಳಿ ತಮ್ಮಂದಿರು. ಎಂಬತ್ತೆಂಟನೆಯವಳು ನನ್ನ ಹೆಂಡತಿ. ಬದುಕಿದ್ದಾಗ ಒಂದು ಪಂದ್ಯಕ್ಕೂ ಬಂದವಳಲ್ಲ, ಈಗ ಒಂದನ್ನೂ ತಪ್ಪಿಸಿಲ್ಲ.

ನೂರ ನಲವತ್ತೊಂದರ ಹತ್ತಿರ ಕೈ ಸ್ವಲ್ಪ ನಿಲ್ಲುತ್ತದೆ. ಎಷ್ಟು ಎಣ್ಣೆ ಬಿಟ್ಟರೂ ಅಷ್ಟೇ.

ಒಟ್ಟು ಮುನ್ನೂರ ಹನ್ನೆರಡು. ತೋಳು ಬಿದ್ದುಹೋಗುತ್ತದೆ.

ಮಾರ್ಚ್ 11, ಸೋಮವಾರ

ಕ್ಲಬ್ಬಿನ ಕಾರ್ಯದರ್ಶಿ ಬೆಳಿಗ್ಗೆಯೇ ನನ್ನ ಬೀಗದ ಅಂಗಡಿಗೆ ಓಡಿಬಂದ. ಬೆವರು ಸುರೀತಿತ್ತು. "ಬೀಗದಣ್ಣ, ಲೆಕ್ಕ ಮುಗೀತು! ಎರಡು ವರ್ಷದ ಮೀಟರು ಕೂಡಿ ಭಾಗಿಸಿದೆ. ಹತ್ತು ಸಾವಿರದ ಇನ್ನೂರ ಹನ್ನೆರಡು! ಗೆದ್ವಿ ಅಣ್ಣ!" ನನ್ನನ್ನು ಅಪ್ಪಿಕೊಂಡು, ಎದುರಿನ ಹೂವಿನಂಗಡಿಯವಳನ್ನೂ ಅಪ್ಪಿಕೊಳ್ಳಲು ಹೋಗಿ ಬೈಸಿಕೊಂಡ.

ಅವನು ಹೋದ ಮೇಲೆ ಒಂದು ಅಲ್ಮೇರಾ ಕೀ ಕೊರೆಯುತ್ತಿದ್ದೆ. ಇನ್ನೂರ ಹನ್ನೆರಡು. ಮುನ್ನೂರ ಹನ್ನೆರಡು. ಎರಡೂ ಸಂಖ್ಯೆ ತಲೆಯಲ್ಲಿ ಪಕ್ಕಪಕ್ಕ ಬಂದು ನಿಂತವು. ಅಯ್ಯೋ ದೇವರೇ! ಮೀಟರಿಗೆ ಸತ್ತವರು ಬದುಕಿದವರು ಗೊತ್ತಾಗುತ್ತದೆಯೇ?

ಮೂರು ಸಲ ಕಳೆದು ನೋಡಿದೆ. ಈ ಎರಡು ವರ್ಷದಲ್ಲಿ ಹೊಸದಾಗಿ ಪುಸ್ತಕಕ್ಕೆ ಸೇರಿದವರು ಹತ್ತೋ ಹನ್ನೆರಡೋ ಜನ ಅಷ್ಟೇ. ಹೇಗೆ ಕಳೆದರೂ ಒಂಬತ್ತು ಸಾವಿರದ ಒಂಬೈನೂರರ ಹತ್ತಿರವೇ ನಿಲ್ಲುತ್ತದೆ. ಹತ್ತು ಸಾವಿರ ಮುಟ್ಟೋದಿಲ್ಲ. ನಮ್ಮನ್ನು ಗೆಲ್ಲಿಸಿದವರು ನಮ್ಮ ಸತ್ತವರು. ಅವರ ಜೊತೆ ನಾನು.

ಇಷ್ಟು ವರ್ಷದಲ್ಲಿ ಒಂದು ಸಲವೂ ಹೊಳೆಯಲಿಲ್ಲ ಅಂದರೆ ಯಾರು ನಂಬುತ್ತಾರೆ? ನಾನೇ ನಂಬುತ್ತಿಲ್ಲ. ಕೀ ಹಾಳಾಯಿತು.

ಮಾರ್ಚ್ 13, ಬುಧವಾರ

ಗೊರಕೆಗೆ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ಪೂರ್ತಿ ಎಚ್ಚರಾಗಿದ್ದ.

"ಯಾರಿಗೂ ಹೇಳ್ಬೇಡ."

"ತಪ್ಪು ಲೆಕ್ಕ ಕಣೋ."

"ನಿನ್ನ ಬಾಯಿಗೇ ಒಂದು ಬೀಗ ಹಾಕ್ಕೊ. ಇಡೀ ಏರಿಯಾಕ್ಕೆ ಮನೆ ಬರುತ್ತೆ, ಆಸ್ಪತ್ರೆ ಬರುತ್ತೆ. ನಿನ್ನ ಮುನ್ನೂರು ಜನ ಎದ್ದು ಬಂದು ಸಾಕ್ಷಿ ಹೇಳ್ತಾರಾ?"

ಸರಿ ಅನ್ನಿಸಿತು. ಬಾಯಿ ಮುಚ್ಚಿಕೊಂಡು ಬಂದೆ.

ಮಾರ್ಚ್ 17, ಭಾನುವಾರ

ಇವತ್ತು ಪಂದ್ಯವಿರಲಿಲ್ಲ, ಆದರೂ ಗೇಟಿಗೆ ಕರೆಸಿದರು. ಯೋಜನಾ ಕಚೇರಿಯಿಂದ ಪರಿಶೀಲನೆಯ ಮೇಡಂ ಬಂದಿದ್ದರು. ನಲವತ್ತರ ಆಸುಪಾಸು, ತಗ್ಗಿದ ದನಿ. ತೋಳು ಹಿಡಿದು ಒಂದು ಸುತ್ತು ತಿರುಗಿಸಿದರು, ಮೀಟರು ನೋಡಿದರು. "ಯಂತ್ರವನ್ನು ಬಹಳ ಚೆನ್ನಾಗಿ ಇಟ್ಕೊಂಡಿದ್ದೀರಿ. ಬೇರೆ ಗೇಟೆಲ್ಲ ತುಕ್ಕು. ನಿಮ್ಮ ಅಂಕಿ ಮೇಲೆ ನನಗೆ ಅನುಮಾನವೇ ಇಲ್ಲ" ಅಂದರು.

ಕಾರ್ಯದರ್ಶಿ ಹಿಂದೆ ನಿಂತು ಹಲ್ಲು ಕಿರೀತಿದ್ದ. ನಾನು ಎಣ್ಣೆ ಡಬ್ಬಿಯ ಮುಚ್ಚಳ ಬಿಗಿ ಮಾಡಿದೆ.

ಮಾರ್ಚ್ 19, ಮಂಗಳವಾರ

ಇವತ್ತಿನದು ಬರೆಯಲೇಬೇಕು. ಅಕ್ಷರ ಹೇಗೆ ಬಂದರೆ ಹಾಗೆ.

ಸಂಜೆ ಅಂಗಡಿಯಿಂದ ಬಂದಾಗ ಮಗಳು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ನೀಲಿ ಪುಸ್ತಕ. ಎಣ್ಣೆ ಕಲೆಯ ಅಂಗಿ ಒಗೆಯಲು ಚೀಲದಿಂದ ತೆಗೆದಾಗ ಸಿಕ್ಕಿತಂತೆ. ಓದಲು ಕೊಟ್ಟರೆ ಕೊನೇ ಪುಟದವರೆಗೆ ಬಿಡುವವಳಲ್ಲ.

"ಎಲ್ಲರ ಮುಂದೆಯೂ ತೀರಿಕೊಂಡ ತಾರೀಖು ಬರೆದಿದ್ದೀರಿ. ಅಮ್ಮನ ಮುಂದೆಯೂ ಇದೆ. ನೂರ ನಲವತ್ತೊಂದರ ಮುಂದೆ ಮಾತ್ರ ಇಲ್ಲ" ಅಂದಳು.

ನಾನು ಅಂಗಡಿಯ ಕೀಗೊಂಚಲು ಮೊಳೆಗೆ ನೇತುಹಾಕಿದೆ.

"'ಮಗ' ಅಂತ ಬರೆದಿದ್ದೀರಿ."

ಹೌದು, ಬರೆದಿದ್ದೇನೆ. ಈಗ ಬರೆಯೋದಿಲ್ಲ ಅಂದಿದ್ದನ್ನು ಬರೆದುಬಿಡುತ್ತೇನೆ. ಉತ್ತರದ ಗ್ಯಾಲರಿ ಮುಚ್ಚಿಸಿದ್ದು ನನ್ನ ಮಗ. ವೆಲ್ಡಿಂಗ್ ಕೆಲಸದವನು. ಚಾವಣಿ ರಿಪೇರಿಗೆ ಅಂತ ಕ್ಲಬ್ಬಿನವರೇ ಹತ್ತಿಸಿದರು, ಇಳಿದು ಬಂದವನೇ ತೊಲೆಗಳು ಕೊಳೆತಿವೆ ಅಂತ ನಗರಕ್ಕೆ ಪತ್ರ ಬರೆದ. ವಾರದೊಳಗೆ ಗ್ಯಾಲರಿಗೆ ತಗಡು ಹೊಡೆದು ಮುಚ್ಚಿದರು. ಮೂರು ಸಾವಿರ ಜನ ತಮ್ಮ ಜಾಗ ಕಳೆದುಕೊಂಡರು. ಸಭೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನಾನು ಎದ್ದು ನಿಂತು, "ದ್ರೋಹಿ. ನನಗೆ ಮಗ ಇಲ್ಲ, ಇರೋಳು ಮಗಳೊಬ್ಬಳೇ" ಅಂದೆ. ಚಪ್ಪಾಳೆ ಬಿತ್ತು. ಅವನು ಅಲ್ಲೇ ಬಾಗಿಲ ಹತ್ತಿರ ಇದ್ದ. ಅವತ್ತೇ ಮನೆ ಬಿಟ್ಟ. ಮುಂದಿನ ಪಂದ್ಯದ ಬೆಳಿಗ್ಗೆ ಅವನ ಹೆಸರಿನಲ್ಲಿ ಒಂದು ಸುತ್ತು ತಿರುಗಿಸಿದೆ. ಇಲ್ಲದವರಿಗೆಲ್ಲ ತಿರುಗಿಸುತ್ತೇನೆ, ಅವನೂ ಇಲ್ಲ, ಹಾಗಾಗಿ. ಅಷ್ಟೇ.

"ಅವನು ಬದುಕಿದ್ದಾನಪ್ಪ."

"ನನ್ನ ಪಾಲಿಗೆ ಇಲ್ಲ" ಅಂದೆ.

ಅವಳು ಪುಸ್ತಕ ಮುಚ್ಚಿದಳು. ಆಮೇಲೆ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ಅಣ್ಣ ಪ್ರತಿ ಪಂದ್ಯಕ್ಕೂ ಬರ್ತಾನೆ. ಐದನೇ ಗೇಟಿಂದ. ಟಿಕೆಟ್ಟು ತಗೊಂಡು. ಹನ್ನೊಂದು ವರ್ಷದಿಂದ."

ಕುರ್ಚಿ ಎಳೆದುಕೊಂಡೆ. ಕೂತೆ.

ಮಾರ್ಚ್ 20, ಬುಧವಾರ

ಐದನೇ ಗೇಟು ಅಂದರೆ ಗೊರಕೆ.

ಬಾಗಿಲು ತೆಗೆದವನು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡ. ತಲೆ ತಗ್ಗಿಸಿದ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹನ್ನೊಂದು ವರ್ಷ ನನ್ನ ಜೊತೆ ಟೀ ಕುಡಿದೆಯಲ್ಲೋ!"

"ಅವನ ಸುದ್ದಿ ಎತ್ತಿದ್ರೆ ನಿನ್ನ ಮುಖ ನೋಡಲ್ಲ ಅಂದಿದ್ದು ನೀನು" ಅಂದ. "ಕೊನೇ ಸಾಲಲ್ಲಿ ಕೂರ್ತಾನೆ ಕಣೋ. ಪಂದ್ಯ ಮುಗಿದ ಮೇಲೆ ರಸ್ತೆ ಆ ಕಡೆ ನಿಂತು, ನೀನು ಗೇಟು ಹಾಕೋದನ್ನ ನೋಡಿ ಹೋಗ್ತಾನೆ."

ಬಾಯಿಗೆ ಬಂದ ಹಾಗೆ ಬೈದೆ.

ಮಾರ್ಚ್ 21, ಗುರುವಾರ

ಲೆಕ್ಕದಲ್ಲಿ ಅವನೊಬ್ಬನೇ ಇಬ್ಬರಾಗಿದ್ದಾನೆ. ಅದೇ ತಲೆಯಲ್ಲಿ ಕೊರೆಯುತ್ತಿದೆ. ಬೆಳಿಗ್ಗೆ ನನ್ನ ಗೇಟಿನಲ್ಲಿ ಸತ್ತವನಾಗಿ ಒಂದು, ಮಧ್ಯಾಹ್ನ ಗೊರಕೆಯ ಗೇಟಿನಲ್ಲಿ ಬದುಕಿದವನಾಗಿ ಒಂದು.

ಪೆನ್ನು ತೆಗೆದು ನೂರ ನಲವತ್ತೊಂದನ್ನು ಹೊಡೆದು ಹಾಕಿದೆ.

ಮಾರ್ಚ್ 22, ಶುಕ್ರವಾರ

ಯೋಜನಾ ಕಚೇರಿಗೆ ಹೋಗಿದ್ದೆ. ಎಲ್ಲ ಹೇಳಿಬಿಡಬೇಕು ಅಂತ ಹೋದವನಲ್ಲ, ಅಷ್ಟು ದೊಡ್ಡ ಮನುಷ್ಯ ನಾನಲ್ಲ. ಒಂದು ಹೆಸರು ತಪ್ಪಾಗಿದೆ, ಅಷ್ಟು ಸರಿ ಮಾಡಿಸೋಣ ಅಂತ ಹೋದೆ.

"ಮೇಡಂ, ನಿಮ್ಮ ಲೆಕ್ಕದಲ್ಲಿ ಒಬ್ಬ ಹೆಚ್ಚಾಗಿದ್ದಾನೆ" ಅಂದೆ.

"ಒಬ್ಬನಾ?" ಅವರಿಗೆ ನಗು ಬಂತು. "ಹತ್ತು ಸಾವಿರದಲ್ಲಿ ಒಬ್ಬ ಹೆಚ್ಚಾದ್ರೆ ಏನೂ ತೊಂದರೆ ಇಲ್ಲ. ಅದು ಹೇಗೆ ಗೊತ್ತಾಯ್ತು ನಿಮಗೆ?"

ಹೇಗೆ ಗೊತ್ತಾಯ್ತು ಅಂತ ಹೇಳಬೇಕಲ್ಲ. ಒಂದು ಹೇಳಲು ಹೋಗಿ ಅದರ ಹಿಂದಿನದು ಹೇಳಬೇಕಾಯಿತು, ಅದನ್ನು ಹೇಳಲು ಹೋಗಿ ಇನ್ನೊಂದು. ಕಡೆಗೆ ಮೇಜಿನ ಮೇಲೆ ನೀಲಿ ಪುಸ್ತಕವಿತ್ತು. ಮೇಡಂ ನಗು ನಿಲ್ಲಿಸಿ ಎಷ್ಟು ಹೊತ್ತಾಗಿತ್ತೋ. ಒಂದೊಂದೇ ಪುಟ ತಿರುಗಿಸಿದರು. "ಎಲ್ಲರಿಗೂ ನೀವೇ ತಿರುಗಿಸ್ತಿದ್ರಾ? ಕೈಯಲ್ಲಿ?" ಅಂದರು. ಹೂಂ ಅಂದೆ.

ಹೊಡೆದು ಹಾಕಿದ ಸಾಲಿನ ಮೇಲೆ ಅವರ ಬೆರಳು ನಿಂತಿತು. "ಈ ಮಗ ಅಂದರೆ, ಗ್ಯಾಲರಿ ಬಗ್ಗೆ ಪತ್ರ ಬರೆದವರಾ?" ಎದ್ದುಹೋಗಿ ಮೈದಾನದ ಹಳೇ ಫೈಲು ತಂದರು. ಅದರಲ್ಲಿ ಅವನ ಪತ್ರವಿತ್ತು. ಅವನ ಕೈಬರಹ, ಸಾಲು ಬಲಕ್ಕೆ ಇಳಿಯುತ್ತದೆ, ಚಿಕ್ಕಂದಿನಿಂದಲೂ ಹಾಗೇ. ನಾನು ಆ ಪತ್ರ ಯಾವತ್ತೂ ನೋಡಿರಲಿಲ್ಲ. ಕೇಳಿಯೂ ಇರಲಿಲ್ಲ. ತೊಲೆಗೆ ಬೆರಳು ಒತ್ತಿದರೆ ಒಳಗೆ ಹೋಗುತ್ತದೆ ಅಂತ ಬರೆದಿದ್ದ. ಕೊನೆಯ ಸಾಲು: "ಮೂರನೇ ಗೇಟಿನ ಪಕ್ಕದ ತೊಲೆ ಎಲ್ಲಕ್ಕಿಂತ ಕೆಟ್ಟಿದೆ. ಗೇಟು ಮುಚ್ಚಿದ ಮೇಲೆ ನನ್ನ ತಂದೆ ಅದರ ಕೆಳಗೇ ಕೂತು ಪಂದ್ಯ ನೋಡುತ್ತಾರೆ. ದಯವಿಟ್ಟು ಬೇಗ ಬನ್ನಿ."

ಮೇಡಂ ನೀರು ಕೊಟ್ಟರು. ಕುಡಿದೆ. ಲೋಟ ಮೇಜಿನ ಮೇಲೆ ಇಡಲು ಹೋದರೆ ಮೇಜು ಸಿಗಲಿಲ್ಲ. ಒಡೆದೇ ಹೋಯಿತು.

ಮಾರ್ಚ್ 24, ಭಾನುವಾರ

ಸಭೆ. ಹಾಲು ತುಂಬಿತ್ತು. ನಾನೇ ಎದ್ದು ಹೇಳಿದೆ.

ಆಮೇಲೆ ಶುರುವಾಯಿತು. ಕಾರ್ಯದರ್ಶಿಯ ಕಣ್ಣಲ್ಲಿ ನೀರಿತ್ತು. "ಯಾಕಣ್ಣ? ಸುಮ್ನಿದ್ದಿದ್ರೆ ಏನಾಗ್ತಿತ್ತು? ಯಾರು ಕೇಳಿದ್ರು ನಿಮ್ಮನ್ನ?" ಅಂದ. ಹಿಂದಿನ ಸಾಲಿನಿಂದ ಯಾರೋ, "ಅಪ್ಪ ಮಗ ಇಬ್ಬರೂ ದ್ರೋಹಿಗಳೇ" ಅಂತ ಕೂಗಿದರು. ಚಪ್ಪಾಳೆ ಬಿತ್ತು. ಇದೇ ಹಾಲು, ಇದೇ ಚಪ್ಪಾಳೆ. ಇದಕ್ಕೂ ಮುಂಚೆ ಇಷ್ಟು ಜೋರಾಗಿ ಕೇಳಿಸಿರಲಿಲ್ಲ.

ಗಾಜಿನ ಪೆಟ್ಟಿಗೆಯ ಮೇಲೆ ಯಾರೋ ಬಟ್ಟೆ ಮುಚ್ಚಿದ್ದರು. ಹೊರಗೆ ಬರುವಾಗ ಗೊರಕೆ ಪಕ್ಕದಲ್ಲಿ ನಡೆದ. ಮನೆವರೆಗೂ ಬಂದ.

ಏಪ್ರಿಲ್ 2, ಮಂಗಳವಾರ

ಬೀಗದ ಅಂಗಡಿಯ ಬೀಗಕ್ಕೇ ಅಂಟು ಸುರಿದಿದ್ದಾರೆ. ಬೀದಿಯವರೆಲ್ಲ ನೋಡುತ್ತ ನಿಂತಿದ್ದರು, ನಾನು ನನ್ನ ಬೀಗವನ್ನೇ ಒಡೆದೆ.

ಹನ್ನೊಂದು ವರ್ಷದ ಹಿಂದೆ ಮಗನ ವೆಲ್ಡಿಂಗ್ ಶೆಡ್ಡಿನ ಬೀಗಕ್ಕೂ ಹೀಗೇ ಸುರಿದಿದ್ದರು. ಮಗಳು ಓಡಿಬಂದು, "ಅಪ್ಪ, ತೆಗೆದುಕೊಡಿ ಬನ್ನಿ" ಅಂದಿದ್ದಳು. ಎರಡು ನಿಮಿಷದ ಕೆಲಸ. ನಾನು ಹೋಗಿರಲಿಲ್ಲ.

ಏಪ್ರಿಲ್ 15, ಸೋಮವಾರ

ತೀರ್ಮಾನ ಬಂತು. ತಿದ್ದಿದ ಸರಾಸರಿ ಒಂಬತ್ತು ಸಾವಿರದ ಒಂಬೈನೂರ ಆರು. ಅರ್ಜಿ ತಿರಸ್ಕಾರ. ಆದರೆ ಕೆಳಗೆ ಇನ್ನೊಂದು ಸಾಲಿದೆ: ಯಾರ್ಡನ್ನು ಇನ್ನೊಂದು ವರ್ಷ ಯಾರಿಗೂ ಕೊಡೋದಿಲ್ಲ. ಮುಂದಿನ ಇಡೀ ಸೀಸನ್ನು ಶುದ್ಧವಾಗಿ ಎಣಿಸಿ, ಹತ್ತು ಸಾವಿರ ದಾಟಿದರೆ ಮತ್ತೆ ಅರ್ಜಿ ಹಾಕಬಹುದು. ಮೂರನೇ ಗೇಟಿಗೆ ಇದೇ ಗೇಟಿನವರು ಇರಲಿ ಅಂತಲೂ ಬರೆದಿದ್ದಾರೆ. ಕಾರ್ಯದರ್ಶಿ ಅದನ್ನು ನನಗೆ ಓದಿ ಹೇಳುವಾಗ ಹಲ್ಲು ಕಚ್ಚಿಕೊಂಡಿದ್ದ.

ಮಧ್ಯಾಹ್ನ ಬೇಕರಿಯವನ ಹೆಂಡತಿ ಅಂಗಡಿಗೆ ಬಂದಳು. ಬೈಯಲು ಬಂದಳು ಅಂದುಕೊಂಡೆ.

"ನಮ್ಮವರಿಗೆ ಇನ್ಮೇಲೆ ಸುತ್ತು ಇಲ್ವಾ ಅಣ್ಣ?"

"ಇಲ್ಲಮ್ಮ. ಕೈ ಹಾಕೋ ಹಾಗಿಲ್ಲ."

"ಹಂಗಾದ್ರೆ ನಾನೇ ಬರ್ತೀನಿ ಬಿಡಿ. ಆಟ ಮಾತ್ರ ಅರ್ಥ ಆಗಲ್ಲ ನನಗೆ" ಅಂದಳು.

ನನ್ನ ಹೆಂಡತಿಗೂ ಅರ್ಥವಾಗುತ್ತಿರಲಿಲ್ಲ, ಪರವಾಗಿಲ್ಲ ಅಂದೆ.

ಏಪ್ರಿಲ್ 16, ಮಂಗಳವಾರ

ಮಗಳು ಪ್ರೆಸ್ಸಿಗೆ ಹೊರಟಿದ್ದಳು. ಚಪ್ಪಲಿ ಹಾಕಿಕೊಳ್ಳುತ್ತಿದ್ದವಳಿಗೆ, "ಶೆಡ್ಡಿಗೆ ಈಗ ಯಾವ ಬೀಗ ಹಾಕ್ತಾನೆ?" ಅಂತ ಕೇಳಿದೆ. ಸುಮ್ಮನೆ ಕೇಳಿದ್ದು. ನನ್ನ ಕಸುಬು ಅದು.

ಅವಳು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತುಬಿಟ್ಟಳು.

ಆಗಸ್ಟ್ 18, ಭಾನುವಾರ

ನಾಲ್ಕು ತಿಂಗಳು ಏನೂ ಬರೆದಿಲ್ಲ. ಬೀಗ, ಕೀ, ಊಟ. ಬರೆಯುವಂಥದ್ದು ಏನಿತ್ತು?

ಇವತ್ತು ಸೀಸನ್ನಿನ ಮೊದಲ ಪಂದ್ಯ. ಬೆಳಿಗ್ಗೆ ಹತ್ತಕ್ಕೆ ಹೋದೆ, ಅಭ್ಯಾಸ. ಎಣ್ಣೆ ಬಿಟ್ಟೆ. ಮೇಡಂ ಬಂದು ಮೀಟರಿಗೆ ಸೀಲು ಒತ್ತಿ ಹೋದರು. ಐದು ಸೊನ್ನೆ. ತೋಳಿನ ಮೇಲೆ ಕೈ ಇಟ್ಟೆ, ತೆಗೆದೆ. ಮತ್ತೆ ಇಟ್ಟೆ. ಕೈಗಳನ್ನು ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ, ಜೇಬಿಗೆ ಹಾಕಿಕೊಂಡು ಎರಡು ಗಂಟೆ ನಿಂತೆ. ಪುಸ್ತಕ ಮನೆಯಲ್ಲಿತ್ತು. ಹೆಸರುಗಳನ್ನು ಬಾಯಲ್ಲೇ ಹೇಳಿಕೊಂಡೆ. ಎಂಬತ್ತೆಂಟರ ಹತ್ತಿರ, "ಇವತ್ತು ಮನೇಲೇ ಇರು" ಅಂದೆ. ನೂರ ನಲವತ್ತರಿಂದ ನೂರ ನಲವತ್ತೆರಡಕ್ಕೆ ಹೋದೆ.

ಒಂದು ಗಂಟೆಗೆ ಹೊರಬಾಗಿಲು ತೆಗೆದರು. ಸಾಲು ರಸ್ತೆಯ ತಿರುವಿನವರೆಗೂ ಇತ್ತು. ಬೇಕರಿಯವನ ಹೆಂಡತಿ ಕಾಣಿಸಿದಳು, ಕುಂಟ ಮೇಷ್ಟ್ರ ಇಬ್ಬರು ಸೊಸೆಯರು ಕಾಣಿಸಿದರು. ಮೊದಲು ಬಂದವನು ನನ್ನ ಮುಂದೆ ಕಾರ್ಡು ಹಿಡಿದ. ನಾನು ಮೊದಲು ನೋಡೋದು ಕಾರ್ಡು, ಆಮೇಲೆ ಮುಖ. ಮೂವತ್ತನಾಲ್ಕು ವರ್ಷದ ಅಭ್ಯಾಸ ಅದು.

ಹಳೇ ಕಾರ್ಡು. ಅಂಚು ಸವೆದಿದೆ. ಫೋಟೋದಲ್ಲಿ ಏಳು ವರ್ಷದವನು, ಮುಂದಿನ ಹಲ್ಲಿಲ್ಲ. ಆ ಫೋಟೋ ತೆಗೆಸಲು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದು ನಾನು. ನಗಬೇಡ ಅಂದಿದ್ದೆ, ನಕ್ಕಿದ್ದ. ಕೆಳಗೆ ಈ ವರ್ಷದ ನವೀಕರಣದ ಮುದ್ರೆ.

ತಲೆ ಎತ್ತಲು ಎಷ್ಟು ಹೊತ್ತು ಬೇಕಾಯಿತೋ ಗೊತ್ತಿಲ್ಲ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ ಅವನಿಗೆ. ಬಲಗೈ ಮೇಲೆ ಸುಟ್ಟ ಗಾಯದ ಕಲೆಗಳು. ಹಿಂದೆ ಸಾಲಿನಲ್ಲಿದ್ದವರು ಗುರುತು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು.

ಹೇಳಬೇಕಾದ್ದು ಹನ್ನೊಂದು ವರ್ಷದ್ದಿತ್ತು. ಕಾರ್ಡು ವಾಪಸ್ಸು ಕೊಟ್ಟೆ.

"ಫೋಟೋ ಹಳೇದಾಗಿದೆ" ಅಂದೆ. "ಬದಲಾಯಿಸ್ಕೊಂಡು ಬಾ. ಮುಂದಿನ ಪಂದ್ಯಕ್ಕೆ ಇದೇ ತಂದ್ರೆ ಬಿಡಲ್ಲ."

"ತರ್ತೀನಪ್ಪ" ಅಂದ.

ನಾನು ಗೇಟಿಗೆ ಕೈ ಹಾಕಲಿಲ್ಲ. ಅವನೇ ತಳ್ಳಿಕೊಂಡು ಒಳಗೆ ಹೋದ. ಮೀಟರಿನಲ್ಲಿ ಒಂದು ಬಂತು.